ತಡವಾಗಿ ಬಂದವಳು ನಾನಲ್ಲ

ನಾನು ಯಲ್ಲಾಪುರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಒಂದು ವರ್ಷ, ಮಧ್ಯಾಹ್ನದ ಮೇಲಿನ ಪಾಠಗಳಲ್ಲಿ ನನ್ನ ದನಿ ಮೂಗಿನಿಂದ ಬರತೊಡಗಿತು. ಪದ್ಯದ ಕೊನೆಯ ಸಾಲಿಗೆ ಬರುವಷ್ಟರಲ್ಲಿ ನಾಲಿಗೆ ತೊದಲುತ್ತಿತ್ತು. ಸಂಜೆಯಾದರೆ ಎಡಗಣ್ಣಿನ ರೆಪ್ಪೆ ಜೋತುಬೀಳುತ್ತಿತ್ತು, ಊಟಕ್ಕೆ ಕೂತರೆ ದವಡೆ ಸೋಲುತ್ತಿತ್ತು. ಗದ್ದಕ್ಕೆ ಕೈ ಕೊಟ್ಟು ಅಗಿಯುತ್ತಿದ್ದೆ. ಮಲಗಿ ಎದ್ದರೆ ಎಲ್ಲ ಸರಿ.

ಆ ವಾರವೇ ಊರಿನ ವೈದ್ಯರ ಹತ್ತಿರ ಹೋದೆ. ಬೆಳಗಿನ ಹೊತ್ತು. ಟಾರ್ಚ್ ಬಿಟ್ಟು ಕಣ್ಣು, ಗಂಟಲು ನೋಡಿದರು.

"ಎಂತದೂ ಇಲ್ಲ ಅಕ್ಕೋರೆ. ಪರೀಕ್ಷೆ ಹತ್ರ ಬಂತಲ್ಲ, ಟೆನ್ಷನ್ ಅಷ್ಟೇ."

ಶಿರಸಿಯಲ್ಲಿ ಇನ್ನೊಬ್ಬರಿಗೆ ತೋರಿಸಿದೆ. ಅದೂ ಬೆಳಿಗ್ಗೆಯೇ. ಥೈರಾಯ್ಡ್ ಸರಿಯಿದೆ ಎಂದು ನಿದ್ದೆಯ ಮಾತ್ರೆ ಬರೆದರು. "ಸಂಜೆ ಹೊತ್ತು ಬಂದು ತೋರಿಸ್ಲಾ?" ಎಂದು ಕೇಳಿದೆ. ಅವರು ನನ್ನ ಗಂಡನ ಕಡೆ ತಿರುಗಿ, "ಮನೇಲಿ ಏನಾದ್ರೂ ಬೇಜಾರಾ ಇವರಿಗೆ?" ಎಂದರು.

ನನ್ನ ಗಂಡ ಟೆಂಪೊ ಓಡಿಸುವವರು, ಮಾತು ಕಡಿಮೆ. "ಅವಳನ್ನೇ ಕೇಳಿ" ಅಂದರು.

ಆ ಮಾತ್ರೆ ನುಂಗಿದ ಮೇಲೆ ಕುತ್ತಿಗೆ ನೆಟ್ಟಗೆ ನಿಲ್ಲಿಸುವುದೂ ಕಷ್ಟವಾಯಿತು. ಉಳಿದ ಮಾತ್ರೆಗಳನ್ನು ಬಚ್ಚಲಿಗೆ ಎಸೆದೆ. ಮಳೆಗಾಲ ಮುಗಿಯುವ ಹೊತ್ತಿಗೆ ಕುಡಿದ ನೀರು ಮೂಗಿಗೆ ಬರುತ್ತಿತ್ತು. ಆಗ ಹುಬ್ಬಳ್ಳಿಗೆ ಹೋದೆವು, ಈ ಸಲ ಬೇಕೆಂದೇ ದಿನದ ಕೊನೆಗೆ ತಲುಪುವಂತೆ.

ಅಲ್ಲಿಯ ಆಸ್ಪತ್ರೆಯಲ್ಲಿದ್ದ ಕಿರಿಯ ವೈದ್ಯೆಯೊಬ್ಬರು ಸೂರು ನೋಡುತ್ತಲೇ ಇರಲು ಹೇಳಿದರು. ರೆಪ್ಪೆ ನಿಧಾನಕ್ಕೆ ಇಳಿಯಿತು. ಕೈಗವಸಿನಲ್ಲಿ ಐಸ್ ತುಂಬಿ ಕಣ್ಣಿನ ಮೇಲಿಟ್ಟು, ಸ್ವಲ್ಪ ಹೊತ್ತಿನ ಮೇಲೆ ತೆಗೆದರು. ರೆಪ್ಪೆ ಮೇಲಕ್ಕೆದ್ದಿತ್ತು. ರಕ್ತಪರೀಕ್ಷೆಯೂ ಅದನ್ನೇ ಹೇಳಿತು: ಮಯಸ್ತೇನಿಯಾ. ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ಮುಟ್ಟದ ರೋಗ. ದುಡಿದಷ್ಟೂ ಸ್ನಾಯು ಸೋಲುತ್ತದೆ, ವಿಶ್ರಾಂತಿ ಸಿಕ್ಕರೆ ಚೇತರಿಸಿಕೊಳ್ಳುತ್ತದೆ. ಹೆಸರು ಕೇಳಿ ಸಿಟ್ಟಿಗೆ ಅಳು ಬಂತು.

ಔಷಧಿ ಹಿಡಿಯಿತು. ಕೆಲವು ತಿಂಗಳ ನಂತರ ಹೋದಾಗ ಆ ವೈದ್ಯೆ, "ನಿಮ್ಮ ವಿಷಯ ಒಂದು ವೈದ್ಯಕೀಯ ಪತ್ರಿಕೆಗೆ ಬರೆದಿದ್ದೀನಿ ಮೇಡಂ. ಹೆಸರು ಇರೋದಿಲ್ಲ. ಕಣ್ಣಿನ ಫೋಟೋ ಹಾಕ್ಲಿಕ್ಕೆ ಒಪ್ಪಿಗೆ ಬೇಕು" ಎಂದರು.

"ಓದಿ ಸಹಿ ಹಾಕ್ತೇನೆ" ಅಂದೆ.

ಇಂಗ್ಲಿಷ್ ನನಗೆ ನಿಧಾನ, ಆದರೆ ಓದಿದೆ. ಒಂದು ವಾಕ್ಯದಲ್ಲಿ ಕಣ್ಣು ನಿಂತಿತು. ರೋಗಿ ತಡವಾಗಿ ಬಂದದ್ದರಿಂದ ರೋಗ ಪತ್ತೆಯಾಗಲು ತಡವಾಯಿತು.

"ಇದು ಸುಳ್ಳು."

"ಸಾಮಾನ್ಯವಾಗಿ ಹಾಗೇ ಬರೀತೀವಿ ಮೇಡಂ. ನಿಮ್ಮನ್ನ ಬೈದಿದ್ದಲ್ಲ."

"ನಾನು ಮೊದಲ ವಾರವೇ ಡಾಕ್ಟರ ಎದುರು ಕೂತಿದ್ದೆ. ಅದನ್ನ ಬರೀರಿ."

ವಿಭಾಗದ ಹಿರಿಯ ವೈದ್ಯರನ್ನು ಕರೆಸಿದರು. ಬೇರೆ ವೈದ್ಯರನ್ನು ದೂರಿದ ಹಾಗಾಗುತ್ತದೆ ಎಂಬುದು ಅವರ ವಾದ.

"ಯಾರ ಹೆಸರೂ ಬೇಡ ಸರ್. ಬೆಳಿಗ್ಗೆ ನೋಡಿದ್ರು, ಸಂಜೆ ನೋಡ್ಲಿಲ್ಲ, ಟೆನ್ಷನ್ ಅಂದ್ರು. ನಡೆದದ್ದು ಇಷ್ಟೇ."

"ಒಂದು ಸಣ್ಣ ವಾಕ್ಯ ಅಲ್ವಾ ಅಮ್ಮಾ?"

"ಸಣ್ಣದಾದ್ರೆ ತಿದ್ದೋದೂ ಸುಲಭ."

ನನ್ನ ಗಂಡ ಮೆಲ್ಲಗೆ, "ಇವರ ಹತ್ರವೇ ಔಷಧಿ ಆಗಬೇಕು, ಸಹಿ ಹಾಕಿಬಿಡು ಮಾರಾಯ್ತಿ" ಅಂದರು. ಆ ಹೆದರಿಕೆ ನನಗೂ ಇತ್ತು. ಆದರೂ ಪೆನ್ನು ಮುಟ್ಟದೆ ಎದ್ದುಬಂದೆ.

ಮುಂದಿನ ಸಲ ಹೋದಾಗ ಚಿಕಿತ್ಸೆಯಲ್ಲಿ ಏನೂ ಕಡಿಮೆಯಾಗಲಿಲ್ಲ. ಆ ವೈದ್ಯೆ ತಿದ್ದಿದ ಬರಹ ಮುಂದಿಟ್ಟರು. ರೋಗಿ ಆರಂಭದಲ್ಲೇ ವೈದ್ಯರನ್ನು ಕಂಡಿದ್ದರು; ಬೆಳಗಿನ ತಪಾಸಣೆಯಲ್ಲಿ ಲಕ್ಷಣ ಕಾಣದೆ ಮಾನಸಿಕ ಒತ್ತಡವೆಂದು ಭಾವಿಸಲಾಯಿತು. ಯಾರು ಭಾವಿಸಿದರು ಎಂಬುದು ಅಲ್ಲಿರಲಿಲ್ಲ. ಮಕ್ಕಳು ಹಾಗೆ ಬರೆದರೆ ಕರ್ತೃ ಎಲ್ಲಿ ಎಂದು ಕೇಳುವವಳು ನಾನು. ಅದನ್ನು ಬಿಟ್ಟುಕೊಟ್ಟೆ. ಬದಲಿಗೆ ಇನ್ನೊಂದು ಸಾಲು ಕೇಳಿದೆ: ಸಂಜೆ ಹೆಚ್ಚಾಗುತ್ತದೆ ಎನ್ನುವ ರೋಗಿಯನ್ನು ಸಂಜೆಯೇ ನೋಡಬೇಕು. ಅವರು ನನ್ನೆದುರೇ ಸೇರಿಸಿದರು. ಸಹಿ ಹಾಕಿದೆ.

ಅಚ್ಚಾದ ಮೇಲೆ ಒಂದು ಪ್ರತಿಯನ್ನು ಶಿರಸಿಯ ಆ ವೈದ್ಯರಿಗೆ ಕೊಡಿ ಎಂದು ಅವರ ಕೌಂಟರಿನಲ್ಲಿ ನಾನೇ ಕೊಟ್ಟು ಬಂದೆ. ಕೆಲವು ದಿನಗಳ ಮೇಲೆ ಅವರೇ ಫೋನ್ ಮಾಡಿ, "ಓದಿದೆ ಅಕ್ಕೋರೆ" ಎಂದಷ್ಟೇ ಹೇಳಿದರು.

"ಒಳ್ಳೇದಾಯ್ತು" ಅಂದೆ ನಾನು.