ಪೂಜೆಯಾದ ಬಂದೂಕು

ಚುನಾವಣೆಗೆಂದು ಠಾಣೆಗೆ ಒಪ್ಪಿಸಿದ್ದ ಅಪ್ಪನ ಬಂದೂಕನ್ನು ವಾಪಸು ತರಲು ಹೋದೆ. ನಡುವೆ ಆಯುಧಪೂಜೆ ಬಂದಿತ್ತು. ಬಂದೂಕುಗಳಿಗೆಲ್ಲ ಅರಿಶಿನ ಬಳಿದು, ಹಾರಕ್ಕೆ ಅಡ್ಡವೆಂದು ಹೆಸರಿನ ಚೀಟಿಗಳನ್ನೇ ಕಿತ್ತುಹಾಕಿದ್ದರು!

"ಇದೇನ್ರೀ ಇದು?" ಎಂದು ರೇಗಿದೆ.

"ದೇವ್ರ ಕೆಲ್ಸ ಸಾರ್. ನಿಮ್ದು ಯಾವ್ದೋ ನೋಡಿ ತಗೊಂಡೋಗಿ," ಎಂದ ಹೆಡ್ ಕಾನ್‌ಸ್ಟೆಬಲ್.

ಬಂದೂಕೇನು ಮದುವೆಮನೆಯ ಚಪ್ಪಲಿಯೇ? ಆದರೂ ಅಪ್ಪನದನ್ನು ಕಂಡೊಡನೆ ಗುರುತಿಸಿ ಎತ್ತಿಕೊಂಡೆ.

ಪಕ್ಕದಲ್ಲಿದ್ದ ಬಂಗಾರಪೇಟೆ ಕಡೆಯ ಮುದಿ ರೈತ, "ಸಾಮೀ, ಅದು ನಮ್ದು. ಕಾಡಂದಿ ಓಡ್ಸಕ್ಕೆ ಮಡಗಿರೋದು," ಎಂದ.

"ನಂಬರು ನೋಡದೆ ಮಾತೇ ಬೇಡ," ಎಂದು ಗದರಿಸಿ, ಕರವಸ್ತ್ರದಿಂದ ಅರಿಶಿನ ಉಜ್ಜಿ ನಂಬರನ್ನು ಗಟ್ಟಿಯಾಗಿ ಓದಿದೆ. ಅದು ಅವನು ಮುಂದೆ ಹಿಡಿದ ಲೈಸೆನ್ಸಿನಲ್ಲಿದ್ದ ನಂಬರು.

"ಬಿಡಿ ಸಾಮೀ, ನಿಮ್ದಕ್ಕೂ ಪೂಜೆ ಆಗೈತೆ," ಎಂದು ಮೂಲೆಯಲ್ಲಿದ್ದ ಇನ್ನೊಂದನ್ನು ತಾನೇ ತಂದುಕೊಟ್ಟ.

ಏನೇ ಇರಲಿ, ನಂಬರು ನೋಡಲೇಬೇಕೆಂದು ಹಠ ಹಿಡಿದವನು ನಾನೊಬ್ಬನೇ.