ಅಕ್ಕನ ನಾಲಿಗೆಯ ಗೆರೆ

ಬು ದುಹೊಂಗ್ ಬೂಸಾನಿನಲ್ಲಿ ನಲವತ್ತು ವರ್ಷ ಬಸ್ಸು ಓಡಿಸಿ, ಹೆಂಡತಿ ತೀರಿಕೊಂಡ ಮೇಲೆ ನಮ್ಮ ಜೇಜು ದ್ವೀಪಕ್ಕೆ, ಕುದುರೆ ಸಾಕುತ್ತಿದ್ದ ತಮ್ಮ ಅಕ್ಕನ ಮನೆಗೆ ಮರಳಿದವರು. ನಮ್ಮಲ್ಲಿ ಹಿರಿಯರು ಗಂಡಾಗಲಿ ಹೆಣ್ಣಾಗಲಿ, ಎಲ್ಲರೂ ‘ಸಾಮ್ಚುನ್’. ನನಗೆ ಅವರೂ ಹಾಗೆಯೇ.

ದ್ವೀಪದ ಹಳೆಯ ಮಾತಿನಲ್ಲಿ ‘ಆ’ ಮತ್ತು ‘ಓ’ಗಳ ನಡುವಿನ ಒಂದು ಸ್ವರವಿದೆ. ‘ಮ’ ಮತ್ತು ‘ಲ್’ಗಳ ನಡುವೆ ಅದು ಬಂದರೆ ಆ ಪದಕ್ಕೆ ಕುದುರೆ ಎಂದರ್ಥ. ಬರಿಯ ‘ಆ’ದಲ್ಲಿ ‘ಮಾಲ್’ ಎಂದರೆ ಮಾತು. ಸಾಮ್ಚುನ್ ಕುದುರೆಗೆ ಹುಲ್ಲು ಹಾಕಿ ಬಂದೆನೆಂದಾಗಲೆಲ್ಲ ಅಕ್ಕ ಛೇಡಿಸುತ್ತಿದ್ದರು: “ಮಾತಿಗೆ ಹುಲ್ಲು ಹಾಕ್ದೆಯೇನೋ ಡ್ರೈವರ್ ಸಾಹೇಬ? ಎಷ್ಟು ತಿಂತಪ್ಪಾ?”

ಕಳೆದ ಚಳಿಗಾಲ, ಹಳೆಯ ಮಾತಿನ ಉಚ್ಚಾರಣೆ ಅಭ್ಯಸಿಸುವ ನಮ್ಮ ಲ್ಯಾಬಿನಲ್ಲಿ ಅಕ್ಕನ ಗದ್ದದ ಕೆಳಗೆ ಅಲ್ಟ್ರಾಸೌಂಡ್ ಹಿಡಿದು, ನಾಲಿಗೆಯ ಚಲನೆಯನ್ನು ದಾಖಲಿಸಿದ್ದೆವು. ಏಪ್ರಿಲ್‌ನಲ್ಲಿ ಅವರು ತೀರಿಹೋದರು. ಮೇ ತಿಂಗಳಲ್ಲಿ ಸಾಮ್ಚುನ್ ತಾವಾಗಿಯೇ ಬಂದರು.

“ಊರಲ್ಲಿ ಇನ್ನು ಆ ಸ್ವರಾನ ಹೇಳೋನು ನಾನೊಬ್ನೇ ಕಣಮ್ಮ. ನಂದೂ ಹಿಡ್ಕೊಂಡ್ಬಿಡಿ.”

ತಣ್ಣನೆಯ ಜೆಲ್ ಹಚ್ಚಿದೆ. ಪರದೆಯ ಮೇಲೆ ಅವರ ನಾಲಿಗೆ ಬಿಳಿ ಗೆರೆಯಾಗಿ ಬಾಗಿತು. ಕುದುರೆಯ ಪದ ಹೇಳಿದರು. ಗೆರೆ ‘ಆ’ದ ಜಾಗಕ್ಕೇ ಇಳಿಯಿತು.

“ಇನ್ನೊಂದ್ಸಲ ಹೇಳಿ ಸಾಮ್ಚುನ್.”

“ಅಂದ್ರೆ ಬರ್ಲಿಲ್ಲ.” ಪರದೆಯತ್ತ ಬೆರಳು ತೋರಿಸಿ, “ಅವಳದ್ದು ಹಾಕು” ಎಂದರು.

ಅಕ್ಕನ ಗೆರೆಯನ್ನು ಕೆಂಪಾಗಿಸಿ ಅವರದರ ಮೇಲಿಟ್ಟೆ. ಹನ್ನೊಂದು ಸಲ ಪ್ರಯತ್ನಿಸಿದರು. ಬಿಳಿ ಗೆರೆ ಕೆಂಪಿನ ಕೆಳಗೇ ಉಳಿಯಿತು. ಒಮ್ಮೆ ತೀರ ಹತ್ತಿರ ಹೋಗಿ, ಜಾರಿತು.

“ಬಸ್ಸಾಗಿದ್ರೆ ರಿವರ್ಸ್ ತಗೊಂಡು ಸರಿಯಾಗಿ ನಿಲ್ಲಿಸ್ತಿದ್ದೆ,” ಎಂದು ನಕ್ಕರು. ಗದ್ದ ಒರೆಸಿಕೊಳ್ಳುತ್ತಿದ್ದಂತೆ ನಗು ನಿಂತಿತು. “ಅವಳು ದಿನಾ ತಿದ್ದೋಳು. ನಾನು ತಮಾಷೆ ಅಂದ್ಕೊಂಡೆ. ಆ ಕಾಗದದಲ್ಲಿ ನನ್ನ ಹೆಸರು ಹೊಡೆದ್ಹಾಕು. ಸುಳ್ಳು ಬರೀಬೇಡ.”

ಹಳೆಯ ಮಾತಾಡುವವರ ಪಟ್ಟಿಯಲ್ಲಿದ್ದ ಅವರ ಹೆಸರಿನ ಮೇಲೆ ಗೀಟೆಳೆದೆ.

ಅಕ್ಕನ ದಾಖಲೆ ಓಡುತ್ತಲೇ ಇತ್ತು. ಒಂದೆಡೆ ಕೆಂಪು ಗೆರೆ ಅಲುಗದೆ ಮಲಗಿತು.

“ಈಗೇನು ಹೇಳ್ತಿದಾಳೆ?”

“ಏನಿಲ್ಲ ಸಾಮ್ಚುನ್. ನಾವು ಮುಂದಿನ ಪದ ಕೇಳೋದನ್ನೇ ಕಾಯ್ತಿದಾರೆ.”

“ಅಲ್ಲೇ ನಿಲ್ಸು.”

ನಿಲ್ಲಿಸಿದೆ. ಅವರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು ಕುಳಿತರು.