ಚಿಮ್ಮಡದವರು ತಂದ ಮೋಡಿ ಕಾಗದ

ವಿಶ್ವವಿದ್ಯಾಲಯದಲ್ಲಿ ನಾನು ಕನ್ನಡದ ಅತಿಥಿ ಉಪನ್ಯಾಸಕನಾಗಿದ್ದಾಗ ಒಮ್ಮೆ ವಿಶ್ವಭಾಷಾ ದಿನ ಮಾಡಿದೆವು. ಮಾಡಿದೆವು ಅನ್ನಲು ಈಗ ನಾಚಿಕೆಯಾಗುತ್ತದೆ, ಆದರೆ ಎದೆಗೆ ಬ್ಯಾಡ್ಜ್ ಚುಚ್ಚಿಕೊಂಡು ಮುಂದೆ ಮುಂದೆ ಓಡಾಡಿದವರಲ್ಲಿ ನಾನೂ ಒಬ್ಬ. ಸಾರ್ವಜನಿಕರಿಗೆಲ್ಲ ಮುಕ್ತ ಪ್ರವೇಶ. ಬನಹಟ್ಟಿಯಿಂದ ಮಹಾಲಿಂಗಪುರದವರೆಗೆ ಬಸ್ ಸ್ಟ್ಯಾಂಡುಗಳಲ್ಲಿ ಪೋಸ್ಟರ್ ಅಂಟಿಸಿದ್ದೆವು: ‘ಜಗತ್ತಿನ ಎಲ್ಲ ಭಾಷೆಗಳೂ ಒಂದೇ ಸೂರಿನಡಿ.’ ಆ ಸಾಲು ಬರೆದವನು ನಾನೇ.

ಸೂರಿನಡಿ ಇದ್ದದ್ದು ಒಂಬತ್ತು ಟೇಬಲ್ಲು. ಫ್ರೆಂಚ್ ಟೇಬಲ್ಲಿನ ಹುಡುಗಿಯರಿಗೆ ನಮಸ್ಕಾರ ಹೇಳುವಷ್ಟು ಫ್ರೆಂಚ್ ಬರುತ್ತಿತ್ತು. ಎದುರಿನವರು ತಿರುಗಿ ಏನಾದರೂ ಕೇಳಿದರೆ ನಗುತ್ತಿದ್ದರು. ಜಪಾನಿ ಟೇಬಲ್ಲಿನ ಮೇಲೆ ಬೀಸಣಿಗೆ ಇತ್ತು, ಜಪಾನಿ ಇರಲಿಲ್ಲ. ಕನ್ನಡಕ್ಕೆ ನಾವು ಕಡಕ್ ರೊಟ್ಟಿ ಇಟ್ಟಿದ್ದೆವು. ಮನೆಯಲ್ಲಿ ದಿನಾ ತಿನ್ನುವ ರೊಟ್ಟಿಗೆ ‘ಸಂಸ್ಕೃತಿ’ ಎಂದು ಚೀಟಿ ಹಚ್ಚಲು ಎಂ.ಎ. ಓದಬೇಕಾಯಿತು. ನಮ್ಮ ವಿಭಾಗದ ಮುಖ್ಯಸ್ಥರಂತೂ ಒಂಬತ್ತೂ ಟೇಬಲ್ಲಿನ ಮುಂದೆ ಫೋಟೊ ತೆಗೆಸಿಕೊಂಡು, ಅಳಿಯುತ್ತಿರುವ ಭಾಷೆಗಳ ಬಗ್ಗೆ ಮೈಕಿನಲ್ಲಿ ಗದ್ಗದಿತರಾದರು. ಅವರ ಗದ್ಗದಕ್ಕೆ ಚಪ್ಪಾಳೆಯೂ ಬಿತ್ತು.

ಹನ್ನೊಂದರ ಹೊತ್ತಿಗೆ ಚಿಮ್ಮಡದಿಂದ ಅರವತ್ತು ದಾಟಿದ ರೈತರೊಬ್ಬರು ಬಂದರು. ಕೈಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹಳೆಯ ಕಾಗದ ತೆಗೆದು ನನ್ನ ಮುಂದೆ ಹಿಡಿದರು.

“ಎಲ್ಲಾ ಭಾಷಾ ಇಲ್ಲೇ ಅದಾವಂತ ಬರದೀರಲ್ರಿ ಸರ. ಮೊಮ್ಮಗಳು ಓದಿ ಹೇಳಿದ್ಲು. ಇದನ್ನೊಂದೀಟ ಓದಿ ಹೇಳ್ರಿ.”

ಅವರ ಹೊಲಕ್ಕೆ ಹೋಗುವ ಗಾಡಿದಾರಿಗೆ ಪಕ್ಕದ ಹೊಲದವರು ಮುಳ್ಳು ಹಚ್ಚಿ ಬಂದ್ ಮಾಡಿದ್ದರು. ದಾರಿ ಇವರದೇ ಎಂದು ಆ ಕಾಗದದಲ್ಲಿ ಬರೆದಿದೆ ಅಂತ ಅಜ್ಜ ಹೇಳಿದ್ದರಂತೆ. ಮರುದಿನವೇ ತಹಶೀಲ್ದಾರರ ಮುಂದೆ ವಿಚಾರಣೆ.

“ಏನ್ ಬರದೈತಿ ಗೊತ್ತಿಲ್ದ ಹೆಂಗ ಮಾತಾಡ್ಲಿರಿ? ದಾರಿ ಹ್ವಾದ್ರ ಹೊಲ ಇದ್ದೂ ಇಲ್ಲದಂಗ.”

ಅದು ಮೋಡಿ, ಸಂಸ್ಥಾನದ ಕಾಲದಲ್ಲಿ ನಮ್ಮ ಕಡೆಯ ಕಚೇರಿಗಳಲ್ಲಿ ಮರಾಠಿ ಬರೆಯುತ್ತಿದ್ದ ಲಿಪಿ. ಹೆಸರು ಗೊತ್ತಿತ್ತು, ಒಂದಕ್ಷರ ಓದಲು ಬರುತ್ತಿರಲಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳಿದರೆ ಮರ್ಯಾದೆ ಹೋಗುತ್ತದಲ್ಲ, ಮರಾಠಿ ಟೇಬಲ್ಲಿಗೆ ಕಳಿಸಿದೆ. ಮರಾಠಿಯವರು ಇದು ಉರ್ದು ಇರಬೇಕು ಎಂದರು. ಉರ್ದುವಿನವರು ತಮ್ಮದಲ್ಲ ಎಂದು ಮುಖ್ಯಸ್ಥರ ಕಡೆ ಕೈ ತೋರಿಸಿದರು. ಎಲ್ಲರೂ ಹೆಸರಿನ ಹಿಂದೆ ಡಾಕ್ಟರೇಟ್ ಇಟ್ಟುಕೊಂಡವರೇ.

ಮುಖ್ಯಸ್ಥರು ಕಾಗದ ನೋಡಿದ್ದೇ ಅರಳಿಬಿಟ್ಟರು. “ಬಹಳ ಅಪರೂಪದ್ದು. ಬೋರ್ಡಿಗೆ ಹಚ್ಚಿ, ಕುಲಪತಿಗಳು ಬರುವ ಹೊತ್ತಾಯಿತು,” ಎಂದರು.

“ತೋರಸಾಕ ತಂದಿಲ್ರಿ, ಓದ್ಸಾಕ ತಂದೀನಿ,” ಅಂದರು ರೈತರು.

ಅವರ ಮಾತು ಯಾರ ಕಿವಿಗೂ ಬೀಳಲಿಲ್ಲ. ನನ್ನ ಕಿವಿಗೆ ಬಿದ್ದಿತ್ತು, ಆದರೂ ನಾಲ್ಕು ಮೂಲೆಗೂ ಪಿನ್ನು ಚುಚ್ಚಿದವನು ನಾನು. ಮುಂದಿನ ವರ್ಷವೂ ನನ್ನನ್ನು ಕರೆಯಬೇಕಾದವರು ಮುಖ್ಯಸ್ಥರು ತಾನೆ. ಕುಲಪತಿಗಳು ಬಂದು ಕಾಗದದ ಮುಂದೆ ನಿಂತು ತಲೆದೂಗಿದರು, ಏನು ತಿಳಿದು ತೂಗಿದರೋ. ಫೋಟೊ ತೆಗೆಯುವವನು ರೈತರಿಗೆ ಪಕ್ಕಕ್ಕೆ ಸರಿಯಲು ಹೇಳಿದ. ಅವರು ಸರಿದು ನಿಂತರು.

ಊಟದ ಗದ್ದಲ ಶುರುವಾದ ಮೇಲೆ ಪಿನ್ನು ಕಿತ್ತು ಕಾಗದ ವಾಪಸು ಕೊಟ್ಟೆ. ಅವರು ಅದನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿ ನೋಡಿದರು.

“ಹೋಗ್ಲಿ ಬಿಡ್ರಿ ಸರ. ನಾಳೆ ಸಾಹೇಬ್ರ ಮುಂದ ಹಿಡೀಬೇಕಲ್ಲ, ಮ್ಯಾಲಿನ ಬಾಜು ಯಾವದು, ಅಷ್ಟ ಹೇಳ್ರಿ.”

ಸಾಲುಸಾಲಿಗೂ ಉದ್ದಕ್ಕೆ ಗೀಟು ಎಳೆದಿತ್ತು. ಆ ಗೀಟು ಹಿಂದಿಯಲ್ಲಿದ್ದಂತೆ ಅಕ್ಷರದ ಮೇಲೆ ಬರಬೇಕೋ, ಗೀಟಿನ ಕಾಗದದಂತೆ ಕೆಳಗೆ ಬರಬೇಕೋ ನನಗೆ ತಿಳಿಯಲಿಲ್ಲ. ಗೊತ್ತಿಲ್ಲ ಎಂದೆ.

“ಹಂಗಾರ ನೀವೂ ನನ್ನಂಗ ಸಾಲಿ ಕಲ್ತಿಲ್ಲೇನ್ರಿ,” ಎಂದರು. ಹಂಗಿಸಿ ಕೇಳಿದ್ದಲ್ಲ. ನನ್ನ ಬಗ್ಗೆ ಅವರಿಗೆ ನಿಜವಾಗಿಯೂ ಕನಿಕರ ಹುಟ್ಟಿತ್ತು. ಮರುದಿನ ಕಚೇರಿಯಲ್ಲಿ ಯಾವ ಬಾಜು ಮೇಲೆ ಮಾಡಿ ಹಿಡಿದರೋ, ವಿಚಾರಿಸುವ ಮುಖ ನನಗಿರಲಿಲ್ಲ.